ಪ್ರವಾಸದ ಡಬ್ಬಿಯಲ್ಲಿ ಸಂಕ್ರಾಂತಿ

‘ಬಸ್ಸು ಬೆಳಿಗ್ಗೆ 6ಕ್ಕೆ ಸರಿಯಾಗಿ ಹೊರಡುತ್ತದೆ’ ಎಂದು ಶಾಲೆಯ ಡೈರಿಯಲ್ಲಿ ಬರೆದಿರುತ್ತದೆ. ಅದು ಹೊರಡುವುದು ಏಳಕ್ಕೆ. ಆದರೆ ಡಬ್ಬಿಯ ಮುಚ್ಚಳ ಐದೂವರೆಗೇ ಬಿದ್ದಿರುತ್ತದೆ. ಬೆಂಗಳೂರಿನ ಮಕ್ಕಳು ಶ್ರೀರಂಗಪಟ್ಟಣದಲ್ಲಿ ದರಿಯಾ ದೌಲತ್ ನೋಡಿ, ಗುಂಬಜ್ ಸುತ್ತಿ, ಮೈಸೂರು ಸೇರಿ ಊಟಕ್ಕೆ ಕೂರುವಾಗ ಮಧ್ಯಾಹ್ನ ಒಂದೂವರೆ. ಎಂಟು ಗಂಟೆ! ಅಷ್ಟು ಹೊತ್ತು ಸ್ವೆಟರಿನ ಕೆಳಗೆ, ನೀರಿನ ಬಾಟಲಿಯ ಪಕ್ಕ, ಹಂಪು ಬಂದಾಗಲೆಲ್ಲ ಎಗರಿ ಬೀಳುತ್ತಾ ಜೀವ ಹಿಡಿದುಕೊಂಡಿರುವ ಊಟ ಬೇಕು.

ಮೊಬೈಲಿನಲ್ಲಿ ನೋಡಿ ಕೆತ್ತಿದ ಸೌತೆಕಾಯಿ ಮೊಸಳೆ ಇದಕ್ಕೆ ಆಗಿಬರುವುದಿಲ್ಲ. ಬಿಡದಿ ದಾಟುವಷ್ಟರಲ್ಲಿ ಅದರ ಬಾಲ ಮುರಿದಿರುತ್ತದೆ. ಉಪ್ಪು ಬೇರೆ ಸವರಿದ್ದರೆ ಮದ್ದೂರಿನ ಹೊತ್ತಿಗೆ ನೀರು ಬಿಟ್ಟು ಪಕ್ಕದ ಚಪಾತಿಯನ್ನೂ ಮುಳುಗಿಸಿರುತ್ತದೆ. ಹಬ್ಬದ ಕಳೆ ಬೇಕೆಂದರೆ ಚಾಕು ಹಿಡಿದು ಕೂರಬೇಕಿಲ್ಲ. ಪ್ರವಾಸಗಳು ಬರುವುದೇ ಸಂಕ್ರಾಂತಿಯ ಹಿಂದೆಮುಂದೆ, ಎಳ್ಳು ಬೆಲ್ಲ ಹೇಗೂ ಆಗಲೇಬೇಕು.

ಕೊಬ್ಬರಿ, ಬೆಲ್ಲ, ಹುರಿಗಡಲೆ, ಕಡಲೆಬೀಜ ಒಂದೊಂದು ಲೋಟ, ಬಿಳಿ ಎಳ್ಳು ಕಾಲು ಲೋಟ. ಒಣಕೊಬ್ಬರಿಯೇ ಆಗಬೇಕು, ಹಸಿ ಕಾಯಿ ಅರ್ಧ ದಿನಕ್ಕೇ ಕಮಟು. ಹೆಚ್ಚಿದ ಬೆಲ್ಲ, ಕೊಬ್ಬರಿ ಎರಡನ್ನೂ ಬೇರೆಬೇರೆಯಾಗಿ ಎರಡು ದಿನ ಬಿಸಿಲಿಗೆ ಹಾಕಿ. ಕಡಲೆಬೀಜವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆಯಿರಿ. ಎಡವಟ್ಟಾಗುವುದು ಇದಾದ ಮೇಲೆ. ಬೀಜ ಬೆಚ್ಚಗಿರುವಾಗಲೇ ಬೆರೆಸಿದರೆ ಬೆಲ್ಲ ಇಳಿದು, ಮಧ್ಯಾಹ್ನಕ್ಕೆ ಇಡೀ ಡಬ್ಬಿ ಒಂದೇ ಹೆಂಟೆ. ಮಗು ಅದನ್ನು ಸ್ಕೇಲಿನಿಂದ ಒಡೆಯುತ್ತದೆ. ಪೂರ್ತಿ ತಣಿದ ಮೇಲೆ ಬೆರೆಸಿ, ಒಬ್ಬರಿಗೆ ಎರಡು ಹಿಡಿ ಹಾಕಿದರೆ ಸಾಕು. ಸಕ್ಕರೆ ಅಚ್ಚು ಒಂದನ್ನು ಮೇಲಿಡಿ. ಕೆಳಗಿಟ್ಟರೆ ಗಿಳಿಗೆ ಕೊಕ್ಕು ಉಳಿಯುವುದಿಲ್ಲ. ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡು’ ಅನ್ನುವುದು ಕಿಟಕಿ ಸೀಟಿನ ಜಗಳಕ್ಕೆ ಅನ್ವಯಿಸುವುದಿಲ್ಲ, ಬಿಡಿ. ಆದರೆ ಹಂಚುವುದಂತೂ ಗ್ಯಾರಂಟಿ. ಆದ್ದರಿಂದ ತರಗತಿಯಲ್ಲಿ ಕಡಲೆಬೀಜ, ಎಳ್ಳಿನ ಅಲರ್ಜಿ ಯಾರಿಗಾದರೂ ಇದೆಯೇ ಎಂದು ಮಿಸ್ಸನ್ನು ಮೊದಲೇ ಕೇಳಿಕೊಳ್ಳಿ.

ಇನ್ನು ಅನ್ನ. ಪುಳಿಯೋಗರೆ ಹಳೇ ಪ್ರಯಾಣಿಕ, ಹುಣಸೆಹುಳಿಯೂ ಎಣ್ಣೆಯೂ ಅದನ್ನು ಕಾಯುತ್ತವೆ. ಚಿತ್ರಾನ್ನ ಮಾಡುವುದಾದರೆ ಹಸಿ ಕಾಯಿತುರಿಯ ಮೋಹ ಬೇಡ. ರಾತ್ರಿ ಹೊರಗೇ ಉಳಿದ ಅನ್ನವನ್ನು ಒಗ್ಗರಣೆ ಹಾಕಿ ಕಳಿಸುವುದೂ ಬೇಡ. ಅನ್ನದ ಕೆಲವು ಬ್ಯಾಕ್ಟೀರಿಯಾಗಳ ಬೀಜಾಣುಗಳು ಕುದಿಸಿದರೂ ಸಾಯುವುದಿಲ್ಲ, ಬೆಚ್ಚಗಿದ್ದಲ್ಲಿ ಚಿಗುರಿಕೊಳ್ಳುತ್ತವೆ. ಬೆಳಿಗ್ಗೆ ಮಾಡಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಹರವಿ, ಚಮಚ ಎಣ್ಣೆ ಹಾಕಿ, ಆರಿದ ಮೇಲೆ ಕಲಸಿ.

ಮೊಸರನ್ನದ ವಿಷಯದಲ್ಲಿ ಬರೀ ಮೊಸರು ಸುರಿಯುವವರೇ ಹೆಚ್ಚು. ಊಟದ ಹೊತ್ತಿಗೆ ಅದರ ಹುಳಿ ಕಣ್ಣಲ್ಲಿ ನೀರು ತರಿಸುತ್ತದೆ. ಒಂದು ಲೋಟ ಮೆತ್ತಗಿನ ಅನ್ನವನ್ನು ಬಿಸಿಯಲ್ಲೇ ಹಿಸುಕಿ, ಒಂದು ಲೋಟಕ್ಕಿಂತ ತುಸು ಹೆಚ್ಚೇ ಕಾಯಿಸಿದ ಹಾಲು ಹಾಕಿ. ಉಗುರುಬೆಚ್ಚಗಾದಾಗ ಎರಡು ಚಮಚ ಮೊಸರು, ಉಪ್ಪು. ಬಸ್ಸು ಓಡುತ್ತಿದ್ದಂತೆ ಅದು ತಾನೇ ಹೆಪ್ಪಾಗುತ್ತದೆ. ಡಬ್ಬಿ ಕಂಠಪೂರ್ತಿ ತುಂಬಬೇಡಿ, ಉಕ್ಕಿ ಬಂದರೆ ಬ್ಯಾಗಿನ ಸ್ಕೆಚ್ ಪೆನ್ನುಗಳಿಗೂ ಮೊಸರನ್ನ. ಸೆಕೆಯ ದಿನವಾದರೆ ಫ್ರೀಜರಿನಲ್ಲಿ ಗಟ್ಟಿಯಾದ ಸಣ್ಣ ನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡಿ. ದಾಳಿಂಬೆ ಬೇಡವೇ ಬೇಡ. ಅನ್ನ ಗುಲಾಬಿಯಾಗಿ, ‘ಅಮ್ಮ ಹಾಳಾಗಿದ್ದು ಕೊಟ್ಟಿದ್ದಾಳೆ’ ಎಂಬ ಸುದ್ದಿ ಇಡೀ ಬಸ್ಸಿಗೆ ಹಬ್ಬುತ್ತದೆ.

ಉತ್ತರ ಕರ್ನಾಟಕದ ತಾಯಂದಿರಿಗೆ ಈ ತಾಪತ್ರಯವೇ ಇಲ್ಲ. ಎಳ್ಳು ಹಚ್ಚಿ ಕಟಕ್ ಅನ್ನುವಂತೆ ಸುಟ್ಟ ಸಜ್ಜೆ ರೊಟ್ಟಿ, ಜೊತೆಗೆ ಶೇಂಗಾ ಚಟ್ನಿ ಪುಡಿ, ಮುಗಿಯಿತು. ಒಣಗಿದ್ದು ಕೆಡುವುದು ಕಷ್ಟ. ಚಪಾತಿಯವರು ಬಿಸಿಬಿಸಿಯಾಗಿ ಒಂದರ ಮೇಲೊಂದು ಪೇರಿಸಿ ಮುಚ್ಚುತ್ತಾರೆ. ಹಬೆ ನೀರಾಗಿ ಮುಚ್ಚಳದಿಂದ ತೊಟ್ಟಿಕ್ಕುತ್ತದೆ, ಕೆಳಗಿನದು ಒದ್ದೆ ಕರವಸ್ತ್ರ. ಬಟ್ಟೆಯ ಮೇಲೆ ಆರಲು ಹತ್ತು ನಿಮಿಷ ಕೊಡಿ.

ಪ್ಲಾಸ್ಟಿಕ್ ಕವರಿನಲ್ಲಿ ಏನನ್ನೂ ಕಟ್ಟಬೇಡಿ. ಚಾಮುಂಡಿ ಬೆಟ್ಟದ ಕೋತಿಗಳಿಗೆ ಕವರಿನ ಸರಸರ ಊಟದ ಗಂಟೆಯಿದ್ದಂತೆ, ಮೊದಲ ಪಂಕ್ತಿ ಅವರದೇ. ಸ್ಟೀಲ್ ಡಬ್ಬಿ ಕೊಡಿ, ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತಿಸಿ, ಮುಚ್ಚಳಕ್ಕೂ ಕೆತ್ತಿಸುವುದನ್ನು ಮರೆಯಬೇಡಿ. ಮುಚ್ಚಳವನ್ನು ಮರೆತ ಮನೆಗಳಿಗೆ ರಾತ್ರಿ ಒಂಬತ್ತಕ್ಕೆ ಡಬ್ಬಿ ತಿರುಗಿ ಬರುತ್ತದೆ, ಇನ್ಯಾರದೋ ಮನೆಯ, ಒಂದು ನೂಲು ದೊಡ್ಡದಾದ ಮುಚ್ಚಳ ಹೊತ್ತು. ಒಳಗೆ ಕೊಕ್ಕಿಲ್ಲದ ಅರ್ಧ ಗಿಳಿ.