ಕತ್ತರಿಸಿದ ಎರೆಹುಳು ಎರಡಾಗುವುದಿಲ್ಲ

ಎರೆಹುಳುವನ್ನು ನಡುವೆ ಕತ್ತರಿಸಿದರೆ ಎರಡು ಹುಳುಗಳಾಗುತ್ತವೆ ಎಂಬ ಸಂದೇಶ ಆಗಾಗ ಹರಿದಾಡುತ್ತದೆ; ಅದು ನಿಜವಲ್ಲ. ದೇಹದ ಖಂಡಖಂಡಕ್ಕೂ ನರಗಂಟುಗಳಿರುವುದರಿಂದ ಮಿದುಳಿನ ಸಂಪರ್ಕ ಕಡಿದ ಮೇಲೂ ಹಿಂದಿನ ತುಂಡು ಸ್ವಲ್ಪ ಹೊತ್ತು ಹೊರಳಾಡುತ್ತದೆ, ಕಂಡವರು ಅದನ್ನು ಹೊಸ ಜೀವವೆಂದು ಭಾವಿಸುವುದು ಸಹಜವೇ. ಆದರೆ ಬಾಯಿ, ಮಿದುಳು, ಹೃದಯಗಳೆಲ್ಲ ಮುಂಭಾಗದಲ್ಲೇ ಇವೆ. ಸಾಕಷ್ಟು ಖಂಡಗಳು ಉಳಿದಿದ್ದರೆ ಕೆಲವು ಪ್ರಭೇದಗಳ ಮುಂಭಾಗವು ಹೊಸ ಬಾಲ ಬೆಳೆಸಿಕೊಳ್ಳಬಲ್ಲದು. ಹಿಂಭಾಗವು ಸಾಮಾನ್ಯವಾಗಿ ಸಾಯುತ್ತದೆ, ಕೆಲವೊಮ್ಮೆ (ವಿಚಿತ್ರವೆನಿಸಿದರೂ) ತಲೆಯ ಜಾಗದಲ್ಲಿ ಮತ್ತೊಂದು ಬಾಲವೇ ಮೂಡಿ ಆಹಾರವಿಲ್ಲದೆ ಕೊನೆಯಾಗುತ್ತದೆ. ಆದರೆ ಲಂಬ್ರಿಕ್ಯುಲಸ್ ಎಂಬ ಸಿಹಿನೀರಿನ ಸಂಬಂಧಿಯು ಸಣ್ಣ ತುಂಡಿನಿಂದಲೂ ಪೂರ್ಣ ದೇಹವನ್ನು ಬೆಳೆಸಿಕೊಳ್ಳುತ್ತದೆ. ಆದ್ದರಿಂದ ಇಂಥ ಸಂದೇಶ ಬಂದಾಗ ಯಾವ ಪ್ರಭೇದ, ಎಲ್ಲಿ ಕತ್ತರಿಸಿದ್ದು, ತುಂಡು ಮುಂದೆ ಆಹಾರ ತಿಂದು ಬದುಕಿತೇ ಎಂಬ ವಿವರಗಳಿವೆಯೇ ಎಂದು ನೋಡಿ, ಪ್ರಾಣಿಶಾಸ್ತ್ರದ ಪಠ್ಯಪುಸ್ತಕದೊಂದಿಗೆ ಹೋಲಿಸಬಹುದು. ಅದಕ್ಕಾಗಿ ಹುಳುವನ್ನು ಕತ್ತರಿಸಬೇಕಾಗಿಲ್ಲ.