ಎಂಟು ಸಾವಿರ ರೂಪಾಯಿಯ ಉಗುಳು

2016ರಲ್ಲಿ ದೇಶದ ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೊದಲು ನಿಂತ ನಮ್ಮ ಮೈಸೂರಿನಲ್ಲಿ ರಸ್ತೆಗೆ ಉಗುಳಿದರೆ ದಂಡ. ಬೊಜ್ಜಿನ ಗುಟ್ಟು ಹೇಳುವ ಜೀನ್ (ವಂಶವಾಹಿ) ಪರೀಕ್ಷೆಗೆಂದು ಪ್ಲಾಸ್ಟಿಕ್ ಕೊಳವೆಗೆ ಉಗುಳಿದರೂ ದಂಡವೇ, ಎಂಟು ಸಾವಿರ ರೂಪಾಯಿ. ಆದರೆ ಈ ದಂಡಕ್ಕೆ ರಸೀದಿಯ ಜೊತೆ ಒಂದು ಜಾತಕವೂ ಸಿಗುತ್ತದೆ.

ಕುಕ್ಕರಹಳ್ಳಿ ಕೆರೆಯ ಗೇಟಿನಲ್ಲಿ ಹಂಚುವ ಆ ಪರೀಕ್ಷೆಯ ಕರಪತ್ರವನ್ನು ನೀವೂ ನೋಡಿರುತ್ತೀರಿ. ನಿಮ್ಮ ಬೊಜ್ಜಿಗೆ ನೀವು ಹೊಣೆಯಲ್ಲವಂತೆ, ನಿಮ್ಮ ಜೀನ್ ಹೊಣೆಯಂತೆ. ನಮ್ಮ ಪಕ್ಕದ ಮನೆಯ ರಾಯರಿಗೆ ಕಣ್ಣೀರೇ ಬಂತು. ಅರವತ್ತು ವರ್ಷದಲ್ಲಿ ಅವರನ್ನು ಯಾರೂ ಹೀಗೆ ಖುಲಾಸೆ ಮಾಡಿರಲಿಲ್ಲ.

ರಾಯರು ಉಗುಳಿ ಬಂದರು, ಮೂವತ್ತಾರು ಪುಟದ ವರದಿ ಬಂತು. ಪಿಷ್ಟ ಆಗಿಬರುವುದಿಲ್ಲ, ಸಿಹಿಯ ಚಪಲ ಜಾಸ್ತಿ, ವ್ಯಾಯಾಮದಲ್ಲಿ ಆಸಕ್ತಿ ಕಡಿಮೆ. ಅವರ ಶ್ರೀಮತಿಯವರು ಕನ್ನಡಕ ಏರಿಸಿ ಎಲ್ಲವನ್ನೂ ಓದಿ, "ಇದನ್ನೇ ನಾನು ಮೂವತ್ತೆರಡು ವರ್ಷದಿಂದ ಬಿಟ್ಟಿಯಾಗಿ ಹೇಳುತ್ತಿದ್ದೆನಲ್ಲ ರೀ" ಎಂದರು. ಪರಿಹಾರದ ಪುಟದಲ್ಲಿ ಕ್ವಿನೋವಾ ಎಂಬ ವಿದೇಶಿ ಧಾನ್ಯ ಮತ್ತು ಬೆಣ್ಣೆಹಣ್ಣು ಇದ್ದವು. ರಾಯರು ಬೆಣ್ಣೆಹಣ್ಣಿನ ಮೊದಲ ಎರಡಕ್ಷರವನ್ನಷ್ಟೇ ಪಾಲಿಸುತ್ತೇನೆಂದು ಅಗ್ರಹಾರದ ಕಡೆ ಹೊರಟು, ದೋಸೆಯ ಮೇಲೆ ಆ ಬೆಣ್ಣೆ ಕರಗುವವರೆಗೂ ಕಾಯದೆ ಎರಡನೆಯದಕ್ಕೆ ಹೇಳಿದರಂತೆ.

ವಿಜ್ಞಾನವನ್ನು ನಾನು ಅಲ್ಲಗಳೆಯುತ್ತಿಲ್ಲ. ಎಫ್‌ಟಿಒ ಎಂಬ ವಂಶವಾಹಿಗೂ ಮೈತೂಕಕ್ಕೂ ನಂಟಿರುವುದು 2007ರಲ್ಲೇ ಗೊತ್ತಾಗಿದೆ. ಅದರ ತೂಕ ಏರಿಸುವ ರೂಪ ಅಪ್ಪ ಅಮ್ಮ ಇಬ್ಬರಿಂದಲೂ ಬಂದವರು ಸರಾಸರಿ ಮೂರು ಕಿಲೋ ಹೆಚ್ಚು ತೂಗುತ್ತಾರೆ. ಹಸಿವು, ತೃಪ್ತಿಗಳ ಮೇಲೂ ಅದರ ಕೈವಾಡವಿದೆ. ಊಟ ಮುಗಿಸಿಯೇ ರೈಲು ಹತ್ತಿದ್ದರೂ ಮದ್ದೂರಿನಲ್ಲಿ ವಡೆಯ ಬುಟ್ಟಿ ಬೋಗಿಯೊಳಗೆ ಕಾಲಿಟ್ಟಾಗ, ಈರುಳ್ಳಿ ಕರಿದ ಆ ಘಮಕ್ಕೆ ನನ್ನ ಕೈ ತಾನಾಗಿಯೇ ಜೇಬಿಗೆ ಹೋಗುವುದು ಬಹುಶಃ ಅದರಿಂದಲೇ. ಅಥವಾ ವಡೆಯಿಂದಲೇ. ಎದುರು ಸೀಟಿನ ಕಡ್ಡಿಪೈಲ್ವಾನನೂ ಎರಡು ಕೊಂಡಿದ್ದ.

ಕೆನಡಾದಲ್ಲಿ ಹನ್ನೆರಡು ಜೋಡಿ ತದ್ರೂಪಿ ಅವಳಿಗಳಿಗೆ ತಿಂಗಳುಗಟ್ಟಲೆ ಅಳೆದು ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಹೆಚ್ಚು ಉಣಿಸಿದರು. ಪ್ರಯೋಗದ ಫಲ 1990ರಲ್ಲಿ ಪ್ರಕಟವಾಯಿತು: ಒಬ್ಬ ನಾಲ್ಕು ಕಿಲೋ ಏರಿದರೆ ಇನ್ನೊಬ್ಬ ಹದಿಮೂರು. ಒಂದೇ ಜೋಡಿಯ ಇಬ್ಬರು ಮಾತ್ರ ಹೆಚ್ಚುಕಡಿಮೆ ಒಂದೇ ಸಮ ಊದಿದ್ದರು. ಅಂದರೆ ಹುಟ್ಟಿನ ವ್ಯತ್ಯಾಸ ಸುಳ್ಳಲ್ಲ. ಆದರೆ ಕರಪತ್ರದವರು ಮರೆತಿರುವ ಇನ್ನೊಂದು ಸಂಗತಿಯಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 609 ಜನರನ್ನು ಒಂದು ವರ್ಷ ಪಥ್ಯದಲ್ಲಿಟ್ಟು, ಯಾರ ಜೀನಿಗೆ ಕೊಬ್ಬು ಕಡಿಮೆ ಮಾಡುವುದು ಒಗ್ಗುತ್ತದೆ, ಯಾರದಕ್ಕೆ ಪಿಷ್ಟ ಕಡಿಮೆ ಮಾಡುವುದು ಒಗ್ಗುತ್ತದೆ ಎಂದು ನೋಡಿದರು. ಕೊಬ್ಬು ಇಳಿಸಿದವರ, ಪಿಷ್ಟ ಇಳಿಸಿದವರ ಎರಡೂ ಗುಂಪಿನಲ್ಲಿ ಇಪ್ಪತ್ತು ಕಿಲೋಗಿಂತ ಹೆಚ್ಚು ಇಳಿದವರಿದ್ದರು, ತೂಕ ಏರಿಸಿಕೊಂಡವರೂ ಇದ್ದರು. ಯಾರು ಇಳಿಯುತ್ತಾರೆಂದು ಆ ಜೀನ್ ಪರೀಕ್ಷೆ ಹೇಳಲಿಲ್ಲ. 2018ರ ಮಾತಿದು. ಸ್ಟ್ಯಾನ್‌ಫರ್ಡಿಗೆ ಸಿಗದ ಉತ್ತರ ಕೆರೆ ಏರಿಯ ಶಾಮಿಯಾನದಲ್ಲಿ ಸಿಗುತ್ತಿದೆ. ಊರಿಗೆ ಹೆಮ್ಮೆ.

ಮಂಡ್ಯದಲ್ಲಿ ನನ್ನ ಅತ್ತಿಗೆ ಇದ್ದಾರೆ. ಐದಕ್ಕೆ ಎದ್ದು ನಾಲೆಯ ಏರಿಯ ಮೇಲೆ ನಡೆಯುತ್ತಾರೆ, ರಾತ್ರಿ ಅರ್ಧ ಮುದ್ದೆ. ಎರಡು ವರ್ಷಕ್ಕೆ ಇಳಿದದ್ದು ನಾಲ್ಕು ಕಿಲೋ. ಅಣ್ಣ ಆಲೆಮನೆಯಲ್ಲಿ ನಿಂತು ಬಿಸಿಬೆಲ್ಲ ಮೆದ್ದರೂ ಕಬ್ಬಿನ ಜಲ್ಲೆಯಂತೆಯೇ ಇದ್ದಾನೆ. ಮದುವೆಮನೆಯಲ್ಲಿ ಅತ್ತಿಗೆಯ ಎಲೆಗೆ ಹೋಳಿಗೆ ಹಾಕುತ್ತಲೇ "ಇನ್ನೂ ಇಳಿಯಲಿಲ್ಲವೇನಮ್ಮ?" ಎಂದು ಕೇಳುತ್ತಾರೆ. ಹೋದ ಸಲ ಅತ್ತಿಗೆ ಎಲೆ ಮಡಿಚಿ ಎದ್ದುಬಂದರು. ಎಂಟು ಸಾವಿರ ಕೊಟ್ಟವರ ಬೊಜ್ಜು ವಂಶವಾಹಿ, ಕೊಡದವರದು ಹೊಟ್ಟೆಬಾಕತನ. ನಿಮಗೆಲ್ಲ ನಾಚಿಕೆಯಾಗುವುದಿಲ್ಲವೇ? ಸಾಕಾಗಿದೆ.

ರಾಯರ ವರದಿಯ ಕೊನೆಯ ಪುಟದಲ್ಲಿ ಮನೆಯವರಿಗೆ ಹತ್ತು ಶೇಕಡಾ ರಿಯಾಯಿತಿ ಇತ್ತು. ಆಸೆಗೆ ಇನ್ನೊಂದು ಕೊಳವೆ ತಂದರು. ಅದೀಗ ಅವರ ಅಡುಗೆಮನೆಯ ಕಪಾಟಿನಲ್ಲಿದೆ. ಶ್ರೀಮತಿಯವರು ಅದರಲ್ಲಿ ಏಲಕ್ಕಿ ತುಂಬಿಟ್ಟಿದ್ದಾರೆ.