ಚಟ್ನಿ ಅಲ್ಲ ಕಣಯ್ಯ, ಖುಟ್ಸ್‌ಪಾ

ಬೆಳಗ್ಗೆ ಆಫೀಸ್ ಕಾಲ್‌ನಲ್ಲಿ ನಮ್ಮ ಟೀಮಿನ ಹುಡುಗ, ನ್ಯೂಯಾರ್ಕಲ್ಲಿ ಆರು ತಿಂಗಳು ಇದ್ದು ಬಂದೋನು, "ಆ ವೆಂಡರ್‌ಗೆ ಎಷ್ಟು ಚಟ್ಜ್‌ಪಾ ನೋಡಿ ಸರ್" ಅಂದ. ನಂಗೆ ಇಡ್ಲಿ ನೆನಪಾಯ್ತು. ಅದು ಖುಟ್ಸ್‌ಪಾ ಕಣಯ್ಯ, ಕ್ಯಾಕರಿಸಿದ ಹಾಗೆ ಗಂಟಲಿಂದ ಬರ್ಬೇಕು, ಭಂಡಧೈರ್ಯ ಅಂತ ಅರ್ಥ, ಅಪ್ಪ ಅಮ್ಮನ್ನ ಕೊಂದು ಕೋರ್ಟಲ್ಲಿ "ತಬ್ಬಲಿ ನಾನು, ಕರುಣೆ ತೋರಿಸಿ" ಅಂತಾನಲ್ಲ, ಅದು, ಯಿಡ್ಡಿಷ್ ಮಾತು, ಪೂರ್ವ ಯುರೋಪಿನ ಯಹೂದಿಗಳ ಭಾಷೆ ಅಂದೆ. "ಅಮೆರಿಕನ್ ಸ್ಲ್ಯಾಂಗ್ ತಾನೇ ಸರ್, ಬಿಡಿ" ಅಂದ.

ಉರಿಯೋದು ಇಲ್ಲೇ. 1881ರಿಂದ 1924ರೊಳಗೆ ಪೂರ್ವ ಯುರೋಪಿಂದ ಸುಮಾರು 20 ಲಕ್ಷ ಯಹೂದಿಗಳು ಅಮೆರಿಕಕ್ಕೆ ಬಂದ್ರು, ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್ ಬಡಾವಣೆಯ ಇಕ್ಕಟ್ಟು ಮನೆಗಳಲ್ಲಿ ಬಟ್ಟೆ ಹೊಲಿದು ಹೊಟ್ಟೆ ಹೊರೆದ್ರು. ಭಾರ ಎಳ್ಕೊಂಡು ಹೋಗೋದಕ್ಕೆ ಶ್ಲೆಪ್, ಗೊಣಗೋದಕ್ಕೆ ಕ್ವೆಚ್, ಕೈಗೆ ಸಿಕ್ಕಿದ್ದೆಲ್ಲ ಬೀಳಿಸೋನಿಗೆ ಕ್ಲಟ್ಸ್, ಎಲ್ಲ ಆ ಅಡುಗೆಮನೆಗಳಿಂದ ಬಂದಿದ್ದು. ಸ್ಲ್ಯಾಂಗ್ ಅಂತೆ!

ನಾವು ಕಾಫಿ-ಗೀಫಿ ಅಂತೀವಲ್ಲ, ಅವರು ಫ್ಯಾನ್ಸಿ-ಶ್ಮ್ಯಾನ್ಸಿ ಅಂತಾರೆ. ನಮ್ಮ 'ಗಿ' ಜಾಗದಲ್ಲಿ ಅವರದು 'ಶ್ಮ'. ಆದ್ರೆ ನಾವು ಕಾಫಿ-ಗೀಫಿ ಅಂದ್ರೆ ಜೊತೆಗೆ ಬಿಸ್ಕತ್ತೂ ಬರುತ್ತೆ, ಅವರು ಶ್ಮ ಹಚ್ಚಿದ್ರೆ ಮರ್ಯಾದೆ ಹೋಗುತ್ತೆ. ಇದು ಗೊತ್ತಾದ ದಿನ ಖುಷಿಗೆ ಹೆಂಡತಿ ಹತ್ರ "ಊಟ-ಶ್ಮೂಟ ಆಯ್ತಾ" ಅಂದು ಬೈಸ್ಕೊಂಡೆ.

ನಾನೇನು ಸಾಚಾ ಅಲ್ಲ. ಕ್ಲೈಂಟಿಗೆ ಒಂದ್ಸಲ ಮೇಲಲ್ಲಿ ನನ್ನನ್ನೇ 'ಪೂರ್ ಶ್ಮಕ್' ಅಂತ ಬರ್ಕೊಂಡಿದ್ದೆ, ಪಾಪದ ಪೆದ್ದ ಅನ್ನೋ ಲೆಕ್ಕದಲ್ಲಿ. ಆಯಮ್ಮ ಫೋನ್ ಮಾಡಿ ನಕ್ಕೂ ನಕ್ಕೂ, "ನಮ್ಮಜ್ಜಿ ಮುಂದೆ ಅಂದಿದ್ರೆ ಕಪಾಳಕ್ಕೆ ಬೀಳ್ತಿತ್ತು" ಅಂದ್ರು. ಯಿಡ್ಡಿಷ್‌ನಲ್ಲಿ ಅದು ಗಂಡಸರ ಅಂಗದ ಹೆಸರು. ಸಿ.ಸಿ.ಯಲ್ಲಿ ಹನ್ನೊಂದು ಜನ ಇದ್ರು.

ಕುರ್ಚಿ ಅರಬ್ಬಿಯಿಂದ ಬಂತು ಅಂತ ನೆನೆಸ್ಕೊಂಡು ಕೂರ್ತೀವಾ ಅಂತ ಈಗ ಯಾರಾದ್ರೂ ಕೇಳ್ತೀರಿ, ಗೊತ್ತು. ಕೂರಲ್ಲ. ಆದ್ರೆ ಅರಬ್ಬಿಗೆ ಕೋಟಿಗಟ್ಟಲೆ ಜನ ಇದಾರೆ ಸ್ವಾಮಿ. ಎರಡನೇ ಮಹಾಯುದ್ಧಕ್ಕೆ ಮುಂಚೆ ಯಿಡ್ಡಿಷ್ ಆಡೋರೂ ಒಂದು ಕೋಟಿ ಇದ್ರು, ನಾಜಿಗಳು ಕೊಂದ 60 ಲಕ್ಷ ಯಹೂದಿಗಳಲ್ಲಿ ಮುಕ್ಕಾಲುಪಾಲಿಗೂ ಹೆಚ್ಚು ಜನರ ಮನೆಮಾತು ಇದೇ. ಇಷ್ಟಾದ ಮೇಲೂ ಹೆಸರು ಹೇಳೋಕೂ ಆಗಲ್ವಾ ನಿಮಗೆ?

ಸಂಜೆ ಹುಡುಗನ ಮೆಸೇಜ್ ಬಂತು. "ಸರ್, ಸ್ಪೆಲಿಂಗ್ ಚೆಕ್ ಮಾಡ್ದೆ, ಸಿ ಎಚ್ ಇದೆ. ನಂದೇ ಕರೆಕ್ಟ್. ನೀವೂ ತಿದ್ಕೊಳ್ಳಿ."